ಅಲೋನ್, ಲೋನ್ಲಿ ಮತ್ತು ಕೆಂಚಪ್ಪ

ಇಂಗ್ಲಿಷ್ ಮೇಷ್ಟರಾದವನು ತರಗತಿಯಲ್ಲಿ ತನ್ನನ್ನೇ ಉದಾಹರಣೆ ಮಾಡಿಕೊಳ್ಳಬಾರದು. ರಾಮನೋ ಸೀತೆಯೋ ಮಾವಿನಹಣ್ಣು ತಿಂದುಕೊಂಡಿರಲಿ, ನಮ್ಮ ಗಂಟೇನು ಹೋಗುತ್ತದೆ? ಹುಲಿಕುಂಟೆಯಲ್ಲಿ ಒಂಬತ್ತನೇ ತರಗತಿಗೆ ಅಲೋನ್, ಲೋನ್ಲಿ ಎರಡರ ವ್ಯತ್ಯಾಸ ಹೇಳುವಾಗ ನಾನು ಈ ಎಚ್ಚರ ತಪ್ಪಿದೆ. ಅಲೋನ್ ಎಂದರೆ ಜೊತೆಗೆ ಯಾರೂ ಇಲ್ಲ, ಅಷ್ಟೆ. ಅದು ವಿಶೇಷಣವೂ ಹೌದು, ಕ್ರಿಯಾವಿಶೇಷಣವೂ ಹೌದು. ಲೋನ್ಲಿ ಎಂದರೆ ಯಾರೂ ಇಲ್ಲವಲ್ಲ ಎಂಬ ಸಂಕಟ. ಅದು ಬರೀ ವಿಶೇಷಣ. ಇಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ನನ್ನನ್ನೇ ನೋಡಿ, ಹೆಂಡತಿಗೆ ಮಧುಗಿರಿಯಲ್ಲಿ ಕೆಲಸ, ನಾನಿಲ್ಲಿ ಅಲೋನ್, ಆದರೆ ಲೋನ್ಲಿ ಅಲ್ಲ ಎಂದುಬಿಟ್ಟೆ. ಅದು ನಿಜವೇ. ಬಾಡಿಗೆ ರೂಮಿನಲ್ಲಿ ಯಾರ ಪ್ರಶ್ನೆಗೂ ಉತ್ತರ ಕೊಡದೆ ಪೇಪರ್ ಓದುವ ಸುಖ ಹೆಂಡತಿಗೆ ಗೊತ್ತಾದರೆ ನಾನು ಕೆಟ್ಟೆ.

ಮಾತಿನ ಮೊದಲರ್ಧ ಮಾತ್ರ ಊರು ತಲುಪಿತು. ಅಂದೇ ಸಂಜೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾತ, ಕುರಿ ಮೇಯಿಸುವ ಕೆಂಚಪ್ಪ, ನನ್ನ ರೂಮಿನ ಮುಂದಿನ ಜಗಲಿಯ ಮೇಲೆ ಕಂಬಳಿ ಹಾಸಿ ಕೂತರು. ಒಬ್ರೇ ಇರ್ತೀರಂತೆ, ಮೊಮ್ಮಗಳು ಹೇಳ್ತು ಅಂದರು. ಕತ್ತಲಾಗುವವರೆಗೆ ಏಳಲಿಲ್ಲ. ಮರುದಿನವೂ ಬಂದರು. ಟೀ ಕೊಟ್ಟೆ, ಅಲ್ಲಿಗೆ ಅದು ರೂಢಿಯಾಯಿತು. ನಾನು ಪೇಪರ್ ಎತ್ತಿದರೆ ಕೆಮ್ಮು, ಇಳಿಸಿದರೆ ಬೀಡಿ. ತಲೆನೋವೆಂದು ನೆಪ ಹೇಳಿದರೆ ಹಣೆಗೆ ಹಚ್ಚಲು ಅದೇನೋ ಬೇರು ತೇದು ತಂದರು. ಕೊನೆಗೊಂದು ಸಂಜೆ ತಡೆಯಲಾರದೆ ಹೇಳಿಯೇಬಿಟ್ಟೆ.

"ಯಜಮಾನ್ರೇ, ನನಗೇನೂ ಬೇಜಾರಿಲ್ಲ. ನನಗೋಸ್ಕರ ದಿನಾ ಬರಬೇಡಿ."

ಅವರು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಗೊತ್ತು ಸಾ. ಬೇಜಾರು ನಿಮಗಲ್ಲ, ನಂಗೆ. ನಮ್ಮನೆಯೋಳು ಹೋದ್ಮೇಲೆ ಸಂಜೆ ಒತ್ತು ಒಳಗೆ ಕೂರಕ್ಕೇ ಆಗಾಕಿಲ್ಲ."

ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯ ಮನುಷ್ಯ. ಅಲೋನ್ ಅಲ್ಲದವನೂ ಲೋನ್ಲಿ ಆಗಬಹುದೆಂದು ನಾನು ಪಾಠದಲ್ಲಿ ಹೇಳಿಯೇ ಇರಲಿಲ್ಲ. ಕೂತ್ಕೊಳ್ಳಿ ಎನ್ನುವ ಬದಲು ಟೀ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಅವರು ಬರಲಿಲ್ಲ. ನಾನು ಬಯಸಿದ ನಿಶ್ಶಬ್ದ ರೂಮಿನ ತುಂಬ ಇತ್ತು. ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಓದಿದೆ. ಟೀ ನೋಡಿದರೆ ಇಬ್ಬರಿಗಾಗುವಷ್ಟು ಇಟ್ಟಿದ್ದೆ. ಅದರಾಚೆಯ ಸಂಜೆಯೂ ಜಗಲಿ ಖಾಲಿ. ಚಪ್ಪಲಿ ಮೆಟ್ಟಿಕೊಂಡು ಅವರ ಮನೆಯತ್ತ ಹೊರಟೆ. ನನಗೇ ಬೇಜಾರು, ಬಂದು ಕೂತ್ಕೊಳ್ಳಿ ಎಂದು ಒಂದು ಸುಳ್ಳು ಹೇಳುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಅವರ ಬಾಗಿಲು ತಟ್ಟುವ ಹೊತ್ತಿಗೆ ಅದು ಸುಳ್ಳಾಗಿ ಉಳಿದಿರಲಿಲ್ಲ.