ವೇಲ್ಸ್ ದೊರೆಯ ಎಡೆ

ಗೋಪಾಲಪ್ಪನದು ಬೆಕ್ಕಿನ ಕಣ್ಣು. ನಲ್ಲೂರಿನಲ್ಲಿ ಬೇರೆ ಯಾರಿಗೂ ಇಲ್ಲದ ಆ ಕಣ್ಣಿಗೆ ಅವನ ಅಜ್ಜಿ ಸಪ್ಪಲಮ್ಮ ಕಾರಣ ಹೇಳುತ್ತಿದ್ದಳು. "ನಮ್ಮಪ್ಪ ವೇಲ್ಸ್ ದೇಶದ ದೊರೆ ಕಣೋ ಮಗ." ಹುಣಿಸೆ ತೋಪಿನ ನೆರಳಲ್ಲಿ ಮೊಮ್ಮಗನ ಬಾಯಿಗೆ ಬಿಸ್ಕತ್ತು ಇಡುತ್ತಾ, ಯಾರಿಗೂ ಅರ್ಥವಾಗದ ಹಾಡೊಂದನ್ನು ಗುನುಗುತ್ತಿದ್ದಳು. ಅವಳು ಸಾಯುವ ತನಕ ಊರವರು ಅವಳನ್ನು 'ಸುಳ್ಳು ಸಪ್ಪಲಮ್ಮ' ಎಂದೇ ಕರೆದರು. ಅರವತ್ತು ತುಂಬಿದರೂ ಗೋಪಾಲಪ್ಪನಿಗೆ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು.

ಕೊನೆಗೆ ಮಗಳು ಮಾನಸ ಡಿಎನ್‌ಎ ಪರೀಕ್ಷೆಯ ಡಬ್ಬಿ ತರಿಸಿಕೊಟ್ಟಳು.

"ಅಪ್ಪಾ, ಈ ಕೊಳವೇಲಿ ಗೆರೆ ತನಕ ಎಂಜಲು ತುಂಬು. ಯಾವ ದೇಶದ ರಕ್ತ ಎಷ್ಟಿದೆ ಅಂತ ಹೇಳ್ತಾರೆ. ಆದ್ರೆ ಅದಕ್ಕೆ ಮುಂಚೆ ಅರ್ಧ ಗಂಟೆ ಏನೂ ತಿನ್ಬೇಡ, ಕುಡೀಬೇಡ. ಮಧ್ಯಾಹ್ನ ಕೊರಿಯರ್‌ನವ್ನು ಬರ್ತಾನೆ" ಎಂದು ಹೇಳಿ ಕಾಲೇಜಿಗೆ ಹೊರಟಳು.

ಗೋಪಾಲಪ್ಪ ಬಾಯಿ ಕಟ್ಟಿ ಇಪ್ಪತ್ತೈದು ನಿಮಿಷ ಕೂತ. ಆಗ ಪಕ್ಕದ ಮನೆ ಅಂಜಿನಮ್ಮ ಓಡಿ ಬಂದಳು. "ಗೋಪಾಲಣ್ಣ, ನಮ್ ಶಿಲ್ಪಂಗೆ ಗಂಡು ಮಗು!" ಅವನು ಬಾಯಿ ತೆರೆದು 'ಬೇಡ' ಎನ್ನುವಷ್ಟರಲ್ಲಿ ಲಾಡು ಒಳಗೆ ಹೋಗಿತ್ತು.

ಮತ್ತೆ ಗಡಿಯಾರ ನೋಡುತ್ತಾ ಕೂತ. ಈ ಸಲ ಎದುರು ಮನೆ ಚಿಕ್ಕವೆಂಕಟಪ್ಪ ಮಗನ ಲಗ್ನಪತ್ರಿಕೆ ಹಿಡಿದು ಬಂದ. ಹೆಂಡತಿ ಮುತ್ತಮ್ಮ ಇಬ್ಬರಿಗೂ ಕಾಫಿ ತಂದಿಟ್ಟಳು.

"ಲಗ್ನಪತ್ರಿಕೆ ಕೊಡೋಕೆ ಬಂದ್ರೆ ನಾನೊಬ್ನೇ ಕುಡೀಲಾ? ಏನಪ್ಪಾ, ನಮ್ಮೇಲೆ ಬೇಜಾರಾ?"

ಮರ್ಯಾದೆಗೆ ಅಂಜಿ ಗೋಪಾಲಪ್ಪ ಕಾಫಿ ಕುಡಿದ. ಆಮೇಲೆ ಕೊಳವೆಯನ್ನು ಜೇಬಿಗಿಟ್ಟುಕೊಂಡು, ಸಾಲ ಕೊಟ್ಟವನನ್ನು ಕಂಡವನ ಹಾಗೆ ಹಿತ್ತಲಿನಿಂದ ತೋಪಿಗೆ ಓಡಿದ.

ಅಲ್ಲಿ ಅರ್ಧ ಗಂಟೆಯೇನೋ ಕಳೆಯಿತು, ಆದರೆ ಓಡಿದ ದಣಿವಿಗೆ ಬಾಯಿ ಒಣಗಿತ್ತು. ತಲೆ ಎತ್ತಿದರೆ ಎಳೆ ಹುಣಿಸೆಕಾಯಿ. ಇದೇ ಮರದ ಬುಡದಲ್ಲಿ ಅಜ್ಜಿ ಉಪ್ಪು, ಮೆಣಸಿನಕಾಯಿ ಸೇರಿಸಿ ಕಾಯಿ ಕುಟ್ಟಿ, ಅವನ ನಾಲಿಗೆಗೆ ಸವರುತ್ತಿದ್ದಳು. ಅದನ್ನು ನೆನೆದದ್ದೇ ತಡ, ಕಣ್ಣಲ್ಲೂ ನೀರು, ಬಾಯಲ್ಲೂ ನೀರು. ಕೊಳವೆ ಗೆರೆ ತನಕ ತುಂಬಿತು.

ಮನೆಗೆ ಬಂದು ಕೊಳವೆಯನ್ನು ಜೋಪಾನವಾಗಿ ದೇವರ ಗೂಡಿನಲ್ಲಿಟ್ಟ. ದೊರೆಯ ಮರಿಮಗ ಬೆವರು ನಾರುತ್ತಾ ಕೊರಿಯರ್‌ನವನ ಮುಂದೆ ನಿಲ್ಲಬಾರದೆಂದು ಸ್ನಾನಕ್ಕೆ ಹೋದ. ಹೊರಗೆ ಬಂದಾಗ ಮುತ್ತಮ್ಮ, "ಕೊರಿಯರ್‌ನವ್ನು ಬಂದಿದ್ದ, ಕೊಟ್ಟು ಕಳಿಸ್ದೆ ಕಣ್ರೀ" ಎಂದಳು. ಅನುಗೊಂಡನಹಳ್ಳಿಯಿಂದ ಆಗಷ್ಟೇ ಬಂದಿದ್ದ ಅವಳ ತಮ್ಮ ಮುನೀಂದ್ರ ಬಾಯಿ ಒರೆಸಿಕೊಳ್ಳುತ್ತಾ ಕೂತಿದ್ದ.

ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು. ನೂರಕ್ಕೆ ಹನ್ನೆರಡು ಪಾಲು ವೇಲ್ಸ್!

ಅದೇ ವಾರ ಹಿರಿಯರ ಹಬ್ಬ. ಅಜ್ಜಿಯ ಫೋಟೋ ಮುಂದೆ ಎಂದಿನ ಎಡೆ ಇಟ್ಟು, ಪಕ್ಕದಲ್ಲೇ ಇನ್ನೊಂದು ಬಾಳೆಲೆಯಲ್ಲಿ ದೊರೆಗೆ ಬ್ರೆಡ್ಡು, ಜಾಮು, ಬೇಯಿಸಿದ ಮೊಟ್ಟೆ, ಬಿಸ್ಕತ್ತು ಬಡಿಸಿದ. ಬೀದಿಯವರನ್ನೆಲ್ಲ ಕರೆದ.

"ನೋಡ್ರಪ್ಪಾ, ನಮ್ಮಜ್ಜಿ ಸುಳ್ಳು ಹೇಳಿರ್ಲಿಲ್ಲ."

ಚಿಕ್ಕವೆಂಕಟಪ್ಪ ಫೋಟೋಗೆ ಕೈ ಮುಗಿದ. "ತಪ್ಪಾಯ್ತು ಸಪ್ಪಲಮ್ಮಜ್ಜಿ."

ಗೋಪಾಲಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಾಲಿಗೆ ಕೇಳಬೇಕಲ್ಲ, ಹಬ್ಬಕ್ಕೆ ಬಂದಿದ್ದ ಭಾಮೈದನ ಕಡೆ ತಿರುಗಿತು. "ಏನಪ್ಪಾ ಮುನೀಂದ್ರ, ನಿಮ್ ವಂಶದಲ್ಲಿ ದೊರೆ ಇರ್ಲಿ, ದೊರೆ ಕುದುರೆಗೆ ಹುಲ್ಲು ಹಾಕ್ದೋರಾದ್ರೂ ಇದ್ರಾ?"

ಮುತ್ತಮ್ಮ ಸೌಟು ಕೆಳಗಿಟ್ಟಳು.

"ಎಂಜಲು ತಂದು ದೇವ್ರ ಗೂಡಲ್ಲಿಟ್ರೆ ನಾನು ಸುಮ್ನಿರ್ತೀನಾ? ಬೂದಿ ಹಾಕಿ ಉಜ್ಜಿ ತೊಳ್ದಿಟ್ಟೆ. ಅಷ್ಟ್ರಲ್ಲಿ ಕೊರಿಯರ್‌ನವ್ನು ಬಂದ್ಬಿಟ್ಟ. ನೀವು ಬಚ್ಚಲಲ್ಲಿ ಹಾಡ್ಕೊಂಡಿದ್ರಿ. ನಿಮ್ಗೆ ಹೆದರ್ಕೊಂಡು ನಮ್ ಮುನೀಂದ್ರನ ಕೈಲೇ ಉಗಿಸಿ ಕಳಿಸ್ದೆ!"

ಚಿಕ್ಕವೆಂಕಟಪ್ಪ ಮುಗಿದ ಕೈಯನ್ನು ಮೆಲ್ಲಗೆ ಇಳಿಸಿದ. ಮುತ್ತಮ್ಮ ದೊರೆಯ ಎಲೆಯನ್ನು ಎತ್ತಿ ತಮ್ಮನ ಕೈಗಿಟ್ಟಳು. "ತಗೋ, ನಮ್ ತಾತನ ಎಡೆ. ನಮ್ಮಪ್ಪನ ಮನೇಲೇ ಇಡು ಹೋಗು."

ಮುನೀಂದ್ರ ಹೊಸಿಲು ದಾಟುವಾಗ ಗೋಪಾಲಪ್ಪ ಸಣ್ಣ ದನಿಯಲ್ಲಿ ಕೂಗಿದ. "ಆ ಬಿಸ್ಕತ್ತಾದ್ರೂ ಬಿಟ್ಟೋಗಪ್ಪ. ಅದು ಅಜ್ಜಿಗೆ ಅಂತ ಇಟ್ಟಿದ್ದು."