ಗೋಡೆ ದಾಟಿದ ಹಾರ್ಡ್‌ಡಿಸ್ಕ್

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಎಂದು ಹುತ್ತೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೆಟ್ಟದ್ದು ಏನೇ ಸಿಕ್ಕಿದರೂ ರಿಪೇರಿ ಮಾಡದೆ ಬಿಡದವರು ತಮ್ಮ ತಲೆಯೊಂದನ್ನೇ ಹಾಗೆಯೇ ಬಿಟ್ಟಾರೆಯೇ!

ಮನೆ ಪಾಲಾಗಿ, ಅಪ್ಪನಿಗೂ ಅವರಿಗೂ ಮಾತು ನಿಂತು ವರ್ಷವಾಗಿತ್ತು. ನಡುಮನೆಗೆ ಅಡ್ಡಲಾಗಿ ಗೋಡೆ ಎದ್ದಿತ್ತು. ಆಚೆ ಚಿಕ್ಕಪ್ಪನ ಫೋಟೋ ಸ್ಟುಡಿಯೋ, ಎರಡು ಹಳೆಯ ಕಂಪ್ಯೂಟರ್. ಈಚೆ ನಮ್ಮದೊಂದು. ಅದರ ತುಂಬ ಅಪ್ಪ ಊರೂರು ಸುತ್ತಿ ಮುದುಕಿಯರಿಂದ ರೆಕಾರ್ಡ್ ಮಾಡಿಕೊಂಡ ಸೋಬಾನೆ ಹಾಡುಗಳು. ಹಾಡಿದವರಲ್ಲಿ ಅರ್ಧ ಜನ ಈಗಿಲ್ಲ. ನಮ್ಮ ಕಂಪ್ಯೂಟರಿನ ಡಿಸ್ಕ್ ತುಂಬಿ ಕಟಕಟ ಎನ್ನತೊಡಗಿತು. ತಮ್ಮನನ್ನು ಕೇಳುವುದುಂಟೇ? ಅಪ್ಪನ ಬಿಗುಮಾನ! ನಾನೇ ಗುಟ್ಟಾಗಿ ಚಿಕ್ಕಪ್ಪನ ಕಿವಿಗೆ ಹಾಕಿದೆ.

ಅಷ್ಟೇ ಸಾಕಾಯಿತು! "ಮೂರು ಕಂಪ್ಯೂಟರ್‌ಗೆ ಮೂರು ಡಿಸ್ಕ್ ತರೋಕೆ ನಾನೇನು ಜಮೀನ್ದಾರನಾ? ಒಂದೇ ದೊಡ್ಡ ಡಿಸ್ಕ್, ಎಲ್ಲರಿಗೂ ವೈರ್!" ಎನ್ನುತ್ತ ಕೋಲಾರದ ಗುಜರಿ ಅಂಗಡಿಗೆ ಓಡಿದರು. ದೊಡ್ಡ ಡಿಸ್ಕೊಂದನ್ನು ಕೊಂಡು, ಅದನ್ನು ಕೂರಿಸಲು ಒಂದು ಮುರುಕು ಕಂಪ್ಯೂಟರ್ ಎತ್ತಿಕೊಂಡರು.

"ಇದು ಚಲ್ತಾ ನೈ ಸ್ವಾಮಿ!" ಎಂದರು ಅಂಗಡಿಯ ಸಾಹೇಬರು.

"ನಡೀದಿದ್ರೆ ಓಡಿಸ್ತೀನಿ ಬಿಡಿ ಭಾಯ್!"

ಅದಕ್ಕೆ ಹೊರಗಿನ ಡಬ್ಬವೇ ಇರಲಿಲ್ಲ. ಚಿಕ್ಕಪ್ಪ ಅದನ್ನು ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಗಿದರು. ಗಾಳಿ ಚೆನ್ನಾಗಿ ಆಡುತ್ತದಂತೆ!

"ಅಯ್ಯೋ ನಾಯನಾ, ನನ್ ಹುಳ ಎಲ್ಲಿ ಗೂಡು ಕಟ್ಬೇಕು?" ಎಂದು ಚಿಕ್ಕಮ್ಮ ಕೂಗಿದರು.

"ಏಮೀ ಕಾದು, ಏನೂ ಆಗಲ್ಲ ಕಣೇ! ಹುಳ ಎಲ್ಲಾದ್ರೂ ಕಟ್ಕೊಳ್ಳುತ್ತೆ, ಫೈಲ್ ಕಟ್ಕೊಳ್ಳುತ್ತಾ?"

ಉಳಿದದ್ದು ಗೋಡೆ. ಅದಕ್ಕೆ ತೂತು ಕೊರೆಯುವ ಸದ್ದಿಗೆ ಅಪ್ಪ ಕೆಂಡವಾಗಿ ನನ್ನತ್ತ ತಿರುಗಿದರು. "ಯಾರನ್ನ ಕೇಳಿ ಕೊರೀತಿದಾನೆ, ಕೇಳಮ್ಮ!"

ಆಚೆಯಿಂದಲೇ ಉತ್ತರ ಬಂತು. "ಅರ್ಧ ಗೋಡೆ ನನ್ ಪಾಲು ಕಣಮ್ಮ. ಉಳಿದರ್ಧ ನಿಮ್ಮಪ್ಪನೇ ಕೊರ್ಕೊಳ್ಲಿ!"

ಮರುದಿನ ನೋಡಿದರೆ ನಮ್ಮ ಕಡೆಯೂ ತೂತು! ಅಪ್ಪ ಇಲಿಯ ಮೇಲೆ ಹಾಕಿದರು. ಇಲಿ ಉಳಿ ಸುತ್ತಿಗೆ ಹಿಡಿಯುವುದನ್ನು ನಾನಂತೂ ಕಂಡಿಲ್ಲ.

ಹಾಡುಗಳು ಒಂದೊಂದಾಗಿ ಹೊಸ ಡಿಸ್ಕಿಗೆ ಹೊರಟವು. ಅಲ್ಲಿ ಎಲ್ಲರಿಗೂ ಒಂದೊಂದು ಫೋಲ್ಡರ್, ಒಂದೊಂದು ಪಾಸ್‌ವರ್ಡ್. ಅಪ್ಪ ತಮ್ಮ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು, ಮೆಲ್ಲಗೆ ಚಿಕ್ಕಪ್ಪನ ಫೋಲ್ಡರ್ ಒತ್ತಿದರು. ನಾನು ಒತ್ತಿದಾಗ ಪಾಸ್‌ವರ್ಡ್ ಕೇಳಿ ಓಡಿಸಿದ್ದು ಅಪ್ಪನಿಗೆ ತಾನಾಗಿ ತೆರೆದುಕೊಂಡಿತು!

"ಇವನಿಗೆ ಬೀಗ ಹಾಕೋಕೂ ಬರಲ್ವೇನಮ್ಮ?"

ಆಚೆ ಹೋಗಿ ಕೇಳಿದೆ. ಚಿಕ್ಕಪ್ಪ ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತಾಡಿದರು. "ಅಣ್ಣನಿಗೆ ಯಾಕಮ್ಮ ಬೀಗ? ಮನೇಲಿ ಗೋಡೆ ಕಟ್ಟಿದ್ದೇ ತಪ್ಪಾಯ್ತು. ಇದ್ರಲ್ಲೂ ಕಟ್ಲಾ?"

ಬಂದು ಅಪ್ಪನಿಗೆ ಹಾಗೆಯೇ ಹೇಳಿದೆ. ಅವರು ಎದ್ದು, ಅಂಗಿ ಹಾಕಿಕೊಂಡು, ಬೀದಿಗಿಳಿದು ಚಿಕ್ಕಪ್ಪನ ಬಾಗಿಲಲ್ಲಿ ನಿಂತರು. ನಾನೂ ಹಿಂದೆಯೇ ಓಡಿದೆ.

"ಲೇ, ಹಾಡೆಲ್ಲ ಬಂದ್ವೇನೋ?"

ಚಿಕ್ಕಪ್ಪ ಕಂಪ್ಯೂಟರ್ ಕಡೆ ತಿರುಗಿಯೂ ನೋಡಲಿಲ್ಲ.

"ನೀನು ಬಂದ್ಯಲ್ಲಣ್ಣ" ಎಂದರು.