ರಸ್ತೆ ದಾಟದ ನಂಬರು

ಗೋರ್ಡನ್ ಹಾಗನ್ ತನ್ನ ಕಚೇರಿಯನ್ನು ರಸ್ತೆಯ ಆಚೆಗೆ ಎಳೆದುಕೊಂಡು ಹೋಗಿದ್ದು ನಾದಿನಿಯ ದೆಸೆಯಿಂದ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಆಕೆ ಅಯೋವಾಕ್ಕೆ ಬರುವವಳಿದ್ದಳು. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿ, ಅದರ ಕಚೇರಿ ಎರಡೂ ಮನೆಬಾಗಿಲಲ್ಲಿದ್ದರೆ ತನ್ನ ಮಾನ ಉಳಿಯದು ಎಂದು ಹೆಂಡತಿ ಲೋರ್ನಾ ಹಟ ಹಿಡಿದಳು. ಕಚೇರಿಯೆಂದರೆ ದಿಮ್ಮಿಗಳ ಮೇಲೆ ಕೂರಿಸಿದ ಮರದ ಗೂಡು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಸಾಧು ಹಸುವಿನಂತೆ ಹಿಂದೆ ಬರುತ್ತಿತ್ತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಫೋನ್ ಕಂಪನಿಯ ಲೈನ್‌ಮನ್ ಕ್ಲೈವ್ ಕಚೇರಿಯ ಹೊಸ ಜಾಗಕ್ಕೆ ಬಂದ.

"ಹಳೇ ನಂಬರ್ ಇಲ್ಲಿಗೆ ಬರಲ್ಲ ಗೋರ್ಡಿ. ರಸ್ತೆ ಆಚೆ, ನಿನ್ನ ಮನೆ ಕಡೆ, ಹ್ಯಾಲ್ವರ್ ಫೋನ್ ವಲಯ, ಈಚೆ ಡಾಲ್ಬಿ ವಲಯ. ನಂಬರ್ ವಲಯ ದಾಟೋ ಹಂಗಿಲ್ಲ."

"ನಾನೇ ದಾಟಿ ಬಂದೆನಲ್ಲಯ್ಯ!"

"ನಂಬರಿಗೆ ದರಪಟ್ಟಿ ಇದೆ, ನಿಂಗಿಲ್ವಲ್ಲ. ಹಳೇ ನಂಬರ್ನ ಮನೆಗೇ ಹಾಕ್ಕೊಡ್ಲಾ?"

"ಊಟದ ಮೇಜಿನ ಪಕ್ಕ ಕಕ್ಕಸಿನ ಕರೆ ಬಂದ್ರೆ ಲೋರ್ನಾ ಸುಮ್ನಿರ್ತಾಳಾ?"

ಗೋರ್ಡನ್ನನ ಆ ಹಳೆಯ ನಂಬರು ಇಪ್ಪತ್ತಾರು ವರ್ಷದಿಂದ ಹ್ಯಾಲ್ವರ್ ಊರಿನ ಪ್ರತಿ ಅಡುಗೆಮನೆಯ ಗೋಡೆಯ ಮೇಲಿತ್ತು. ಮನೆತುಂಬ ನೆಂಟರು ಸೇರಿ ಕಕ್ಕಸುಗಳು ಉಕ್ಕುವ ಈ ಒಂದು ದಿನದ ದುಡಿಮೆಯೇ ಅವನಿಗೆ ಚಳಿಗಾಲವಿಡೀ ಅನ್ನ. ಬೇರೆ ದಾರಿ ಕಾಣದೆ ಡಾಲ್ಬಿಯ ಹೊಸ ನಂಬರಿಗೆ ಒಪ್ಪಿಕೊಂಡ.

ಅಷ್ಟರಲ್ಲಿ ಚರ್ಚಿನ ಗುಮಾಸ್ತೆ ಆರ್ಡಿಸ್ ಹಾಜರಾದಳು. ಸಾವು, ಬಿರುಗಾಳಿಗಳ ಸುದ್ದಿಯನ್ನು ಒಬ್ಬರಿಂದ ಐವರಿಗೆ ದಾಟಿಸುವ 'ಫೋನ್ ಸಾಲು' ಅವಳ ಸುಪರ್ದಿನಲ್ಲಿತ್ತು.

"ನೀನೇನೂ ತಲೆ ಕೆಡಿಸ್ಕೋಬೇಡ, ಊರಿಗೆಲ್ಲ ತಿಳಿಸೋದು ನಾನು ನೋಡ್ಕೋತೀನಿ" ಎಂದು ಹೊಸ ನಂಬರನ್ನು ಗೀಚಿಕೊಂಡು ಹೋದಳು.

ಹನ್ನೊಂದಾದರೂ ಫೋನು ಸೊಲ್ಲೆತ್ತಲಿಲ್ಲ. ಕೊನೆಗೆ ಹ್ಯಾಲ್ವರ್‌ನ ಮುದುಕ ಎಮಿಲ್ ಹದಿನಾಲ್ಕು ಮೈಲಿ ಕಾರು ಓಡಿಸಿಕೊಂಡು ಬಂದು, ತನ್ನ ಮನೆಯ ಟ್ಯಾಂಕ್ ತುಂಬಿದೆ ಎಂದ.

"ಅದಕ್ಕೆ ಇಷ್ಟು ದೂರ ಬರ್ಬೇಕಾ? ಫೋನ್ ಮಾಡ್ಬಾರ್ದಿತ್ತಾ?"

"ಡಾಲ್ಬಿ ನಂಬರ್ ಅಂದ್ರೆ ನಮ್ಮೂರಿಂದ ದೂರದ ಕರೆ ಕಣಪ್ಪ. ನಿಮಿಷಕ್ಕೆ ಹದಿನೆಂಟು ಸೆಂಟು! ದುಡ್ಡೇನು ಬಿಟ್ಟಿ ಬಂದಿದ್ಯಾ?"

ಗೋರ್ಡನ್ ಗೂಡನ್ನು ಟ್ರ್ಯಾಕ್ಟರಿಗೆ ಬಿಗಿದು ಮತ್ತೆ ಮನೆಯತ್ತ ಎಳೆದ. ಗೂಡು ನಡುರಸ್ತೆಯಲ್ಲಿ ಅಡ್ಡಡ್ಡ ನಿಂತಾಗ ನಾದಿನಿಯ ಕಾರು ಬಂತು.

"ಏನ್ ಭಾವ, ಕಕ್ಕಸು ಎಳ್ಕೊಂಡು ಎಲ್ಲಿಗೆ ಹೊರಟ್ರಿ?"

"ಆಫೀಸು" ಎಂದ ಗೋರ್ಡನ್, ಟೊಪ್ಪಿಗೆ ತೆಗೆದು.

ಕಚೇರಿ ಹಳೆಯ ಜಾಗ ಸೇರಿತು. ಲೋರ್ನಾ ಮುಖ ಊದಿಸಿಕೊಂಡಳು. ಕ್ಲೈವ್ ಗೊಣಗುತ್ತ ಹಳೆಯ ನಂಬರು ಜೋಡಿಸಿದ.

"ಬೆಳಿಗ್ಗೆ ಹೊಸ ನಂಬರ್ ಕೊಟ್ಯಲ್ಲ, ಅದನ್ನೂ ಇಲ್ಲಿಗೇ ಹಾಕ್ಬಿಡು. ಒಂದಕ್ಕೆರಡಿರ್ಲಿ."

"ಅದು ಡಾಲ್ಬೀದು. ಈ ಕಡೆ ಬರಲ್ಲ."

"ಹಾಳಾಗಿ ಹೋಗ್ಲಿ ಬಿಡು. ನನ್ನ ನಂಬರ್ ನಂಗೆ ಬಂತಲ್ಲ."

ಮೂರು ಗಂಟೆಗೆ ಫೋನು ರಿಂಗಾಯಿತು. ಗೋರ್ಡನ್ ಹಾರಿ ರಿಸೀವರ್ ಹಿಡಿದ.

"ಹಾಗನ್ ಸೆಪ್ಟಿಕ್!"

"ನಾನು ವರ್ನಾ, ಚರ್ಚಿನ ಫೋನ್ ಸಾಲಿಂದ. ಗಮನವಿಟ್ಟು ಕೇಳಿ. ಗೋರ್ಡನ್ ಹಾಗನ್‌ದು ಹಳೇ ನಂಬರ್ ಸತ್ತಿದೆ, ಯಾರೂ ಮಾಡ್ಬೇಡಿ. ಹೊಸದು ದೂರದ ಕರೆ, ಅದಕ್ಕೂ ಮಾಡ್ಬೇಡಿ. ಟ್ಯಾಂಕ್ ತುಂಬಿದ್ರೆ ನಮ್ಮೂರ ಇನ್ನೊಬ್ಬ ಇದಾನಲ್ಲ, ನೀಲ್ಸ್, ಅವನನ್ನೇ ಕರೀರಿ."

"ಗೋರ್ಡನ್ ನಾನೇ ಕಣಮ್ಮ! ನಂಬರ್ ಸತ್ತಿದ್ರೆ ಈಗ ಹ್ಯಾಗೆ ಮಾತಾಡ್ತಿದೀನಿ?"

ಅತ್ತ ಕಾಗದ ಸರಿದಾಡಿದ ಸದ್ದು.

"ಅದನ್ನ ಇದ್ರಲ್ಲಿ ಬರೆದಿಲ್ಲ."

"ಹಾಗಾದ್ರೆ ಉಳಿದವರಿಗಾದ್ರೂ ಸರಿಯಾಗಿ ಹೇಳಮ್ಮ, ನಿನ್ನ ದಮ್ಮಯ್ಯ!"

"ಉಳಿದವರು ಯಾರೂ ಇಲ್ಲ, ಎಲ್ರಿಗೂ ಹೇಳಾಯ್ತು. ಪಟ್ಟೀಲಿ ನಿಮ್ಮದೇ ಕೊನೇ ಹೆಸರು."